ಮಾಡಿ ನೋಡದ ಚಿರೋಟಿ

ಬೋಧನಾ ಅಭ್ಯಾಸದ ಮೂರನೇ ವಾರ ಒಂಬತ್ತನೇ ತರಗತಿಗೆ ದ್ರವ್ಯದ ಸ್ಥಿತಿ ಬದಲಾವಣೆಯ ಪಾಠ ಮಾಡಿದೆ. ದ್ರವ ಅನಿಲವಾಗುವಾಗ ಅದು ತುಂಬುವ ಜಾಗ ಬಹಳಷ್ಟು ಹೆಚ್ಚುತ್ತದೆ ಎಂಬುದು ಅಂದಿನ ಕಲಿಕಾಂಶಗಳಲ್ಲಿ ಒಂದು. ಪಾಠಯೋಜನೆಯಲ್ಲಿ ದೈನಂದಿನ ಜೀವನದ ಉದಾಹರಣೆ ಬರೆಯಬೇಕಾದ ಜಾಗದಲ್ಲಿ ಎಲ್ಲರೂ ಬರೆಯುವ ಕುಕ್ಕರಿನ ಸೀಟಿ ಬೇಡ, ಹೊಸತೇನಾದರೂ ಇರಲಿ ಎಂದುಕೊಂಡು ಚಿರೋಟಿ ಎಂದು ಬರೆದಿದ್ದೆ. ಅದರ ಹಿಂದಿನ ಭಾನುವಾರವಷ್ಟೇ ಒಂದು ಮದುವೆ ಊಟದಲ್ಲಿ ಬಾದಾಮಿ ಹಾಲು ಹಾಕಿಸಿಕೊಂಡು ಎರಡು ಚಿರೋಟಿ ತಿಂದು ಬಂದಿದ್ದೆ. ಹಾಗಾಗಿ ಅದು ನೆನಪಿನಲ್ಲಿತ್ತು. ನನಗೂ ಚಿರೋಟಿಗೂ ಇದ್ದ ಸಂಬಂಧ ಅಷ್ಟೇ.

ತರಗತಿಯಲ್ಲಿ ಹೀಗೆ ಹೇಳಿದೆ: "ಚಿರೋಟಿಯ ಪದರಗಳ ನಡುವೆ ತುಪ್ಪ ಸವರಿರುತ್ತಾರೆ. ಬಿಸಿ ಎಣ್ಣೆಗೆ ಬಿಟ್ಟಾಗ ಆ ತುಪ್ಪ ಆವಿಯಾಗಿ ಪದರಗಳನ್ನು ಮೇಲಕ್ಕೆ ತಳ್ಳುತ್ತದೆ. ಅದಕ್ಕೇ ಅದು ಅರಳುತ್ತದೆ." ಹಲಗೆಯ ಮೇಲೆ ಪದರಗಳ ಚಿತ್ರ ಬರೆದು, ನಡುವೆ ಮೇಲ್ಮುಖದ ಬಾಣಗಳನ್ನೂ ಹಾಕಿದೆ. ಮಕ್ಕಳು ನಕ್ಕರು, ಒಬ್ಬಿಬ್ಬರು ತುಟಿ ಸವರಿಕೊಂಡರು. ತರಗತಿ ನನ್ನ ಕೈಯಲ್ಲಿದೆ ಎಂದು ಖುಷಿಯಾಯಿತು.

ಆಗ ಮೂರನೇ ಬೆಂಚಿನ ಹುಡುಗಿಯೊಬ್ಬಳು ಎದ್ದು ನಿಂತಳು. "ಸಾರ್, ತುಪ್ಪ ಜಾಸ್ತಿ ಆದ್ರೆ ಚಿರೋಟಿ ಅರಳಲ್ಲ ಸಾರ್. ಎಣ್ಣೇಲೇ ಬಿಚ್ಕೊಂಡು ಪುಡಿ ಆಗುತ್ತೆ. ನಮ್ಮಮ್ಮ ಅದಕ್ಕೇ ತುಪ್ಪಕ್ಕೆ ಅಕ್ಕಿಹಿಟ್ಟು ಹಾಕ್ತಾರೆ."

ಗಂಟೆ ಹೊಡೆಯಲು ಎಂಟು ನಿಮಿಷ ಉಳಿದಿತ್ತು. ಮೌಲ್ಯಮಾಪನದ ಐದು ಪ್ರಶ್ನೆ, ಸಾರಾಂಶ, ಮನೆಗೆಲಸ ಎಲ್ಲ ಬಾಕಿ. ಹಿಂದಿನ ಬೆಂಚಿನಲ್ಲಿ ನಮ್ಮ ಮಾರ್ಗದರ್ಶಕರು ವೀಕ್ಷಣಾ ಹಾಳೆ ಹಿಡಿದು ಕೂತಿದ್ದರು. "ಸರಿ, ಅದನ್ನ ಆಮೇಲೆ ನೋಡೋಣ, ಕೂತ್ಕೋ" ಎಂದೆ. ಅವಳು ಕೂತಳು. ಪಾಠ ಸಮಯಕ್ಕೆ ಸರಿಯಾಗಿ ಮುಗಿಯಿತು. ವೀಕ್ಷಣಾ ಹಾಳೆಯಲ್ಲಿ ಸ್ಥಳೀಯ ಉದಾಹರಣೆಯ ಬಳಕೆ ಉತ್ತಮ, ಸಮಯಪಾಲನೆ ಉತ್ತಮ ಎಂದು ಬಂತು.

ನಾನು ಹೇಳಿದ್ದು ತಪ್ಪು. ಅವಳು ಹೇಳಿದ್ದು ಸರಿ. ಆ ಪಾಠಕ್ಕೆ ನನಗೆ ಸಿಕ್ಕ ಅಂಕ ಈ ಸಲದ ಅಭ್ಯಾಸ ಪಾಠಗಳಲ್ಲೇ ಹೆಚ್ಚಿನದು.

ಈ ಲೇಖನ ಬರೆಯುತ್ತಿರುವುದು ಅದಕ್ಕಾಗಿ. ಮಾರ್ಗದರ್ಶಕರನ್ನು ದೂರುವುದು ನನ್ನ ಉದ್ದೇಶವಲ್ಲ. ಹಾಳೆಯಲ್ಲಿ ಇದ್ದ ಅಂಶಗಳಿಗೆ ಅವರು ಅಂಕ ಕೊಟ್ಟರು, ಆ ಅಂಶಗಳೆಲ್ಲ ನನ್ನ ಪಾಠದಲ್ಲಿ ಇದ್ದವು. ಉದಾಹರಣೆ ಇದೆಯೇ ಎಂದು ಕೇಳುವ ಅಂಶ ಆ ಹಾಳೆಯಲ್ಲಿ ಇತ್ತು. ಉದಾಹರಣೆ ನಿಜವೇ ಎಂದು ಕೇಳುವ ಅಂಶ ಇರಲಿಲ್ಲ. ದೈನಂದಿನ ಜೀವನದಿಂದ ಉದಾಹರಣೆ ಕೊಡಿ ಎಂದು ನಮಗೆ ಕಲಿಸುತ್ತಾರೆ, ನಾವು ಅದನ್ನು ಮೇಜಿನ ಮುಂದೆ ಕೂತು ಊಹಿಸಿ ಬರೆಯುತ್ತೇವೆ. ಅಡುಗೆಮನೆಯ ಉದಾಹರಣೆಯನ್ನು ಪಾಠಕ್ಕೆ ತರುವ ಮೊದಲು ಒಮ್ಮೆಯಾದರೂ ಅದನ್ನು ಕೈಯಾರೆ ಮಾಡಿ ನೋಡಬೇಕು, ಸಾಧ್ಯವಾದರೆ ಕೆಡಿಸಿಯೂ ನೋಡಬೇಕು ಎಂಬುದು ನನ್ನ ಅಭಿಪ್ರಾಯ.

ದೊಡ್ಡಮ್ಮನ ಮುಂದೆ

ಆ ಶನಿವಾರ ಹಾಸ್ಟೆಲಿನಿಂದ ಊರಿಗೆ ಹೋದವನು ದೊಡ್ಡಮ್ಮನಿಗೆ ಚಿರೋಟಿ ಕಲಿಸು ಎಂದೆ. "ಯಾಕೋ, ಮದುವೆ ಏನಾದ್ರೂ ಗೊತ್ತಾಯ್ತಾ?" ಎಂದು ನಕ್ಕರು. ಪಾಠಕ್ಕೆ ಎಂದಾಗ ಇನ್ನೂ ಜೋರಾಗಿ ನಕ್ಕರು. ಆದರೆ ಕಲಿಸಿದರು.

ಒಂದು ಲೋಟ ಚಿರೋಟಿ ರವೆ, ಅರ್ಧ ಲೋಟ ಮೈದಾ, ಚಿಟಿಕೆ ಉಪ್ಪು. ಎರಡು ಚಮಚ ತುಪ್ಪ ಚೆನ್ನಾಗಿ ಕಾಯಿಸಿ ಮೇಲೆ ಸುರಿದು ಉಜ್ಜಿ, ನೀರು ಸ್ವಲ್ಪ ಸ್ವಲ್ಪವೇ ಚಿಮುಕಿಸಿ ಪೂರಿ ಹಿಟ್ಟಿಗಿಂತ ತುಸು ಗಟ್ಟಿಯಾಗಿ ಕಣಕ ನಾದಬೇಕು. ಒದ್ದೆ ಬಟ್ಟೆ ಮುಚ್ಚಿ ಒಂದು ಗಂಟೆ ಬಿಡಬೇಕು. ನಾನು ಹದಿನೈದು ನಿಮಿಷಕ್ಕೇ ಲಟ್ಟಿಸಲು ಹೋದೆ. ಹಾಳೆ ಲಟ್ಟಣಿಗೆಯಡಿ ಹರಡಿ, ಕೈ ತೆಗೆದ ಕೂಡಲೇ ಮತ್ತೆ ಕುಗ್ಗುತ್ತಿತ್ತು. "ಅದಿನ್ನೂ ಬಿಗಿಯಾಗಿದೆ, ಸುಧಾರಿಸ್ಕೊಳ್ಳಲಿ ಬಿಡು" ಎಂದರು. ಗೋಧಿಯ ಪ್ರೋಟೀನುಗಳು ನೀರು ಸೇರಿ ನಾದಿದಾಗ ಗ್ಲುಟೆನ್ ಎಂಬ ಹಿಗ್ಗುವ ಜಾಲ ಕಟ್ಟಿಕೊಳ್ಳುತ್ತವೆ, ಬಿಟ್ಟರೆ ಆ ಜಾಲದ ಬಿಗಿ ಸಡಿಲುತ್ತದೆ. ಬಿ.ಎಸ್ಸಿ.ಯಲ್ಲಿ ಪ್ರೋಟೀನುಗಳ ರಚನೆ ಓದಿ ಪಾಸಾದವನಿಗೆ ಆ ಬಿಗಿ ಅಂಗೈಗೆ ತಗುಲಿದ್ದು ಅಂದೇ ಮೊದಲು.

ಈ ನಡುವೆ ಸಾಟಿ ಮಾಡಬೇಕು. ಗಟ್ಟಿ ತುಪ್ಪಕ್ಕೆ ಅಕ್ಕಿಹಿಟ್ಟು ಹಾಕಿ, ಬೆಳ್ಳಗೆ ಬೆಣ್ಣೆಯಂತೆ ಆಗುವ ತನಕ ಅಂಗೈಯಲ್ಲಿ ಉಜ್ಜುವುದು. ಹಿಟ್ಟಿನ ಉಂಡೆಗಳನ್ನು ತೆಳ್ಳಗೆ ಚಪಾತಿಯಷ್ಟು ಅಗಲಕ್ಕೆ ಲಟ್ಟಿಸಿ, ಒಂದರ ಮೇಲೆ ಸಾಟಿ ಸವರಿ ಇನ್ನೊಂದು ಇಟ್ಟು, ಅದರ ಮೇಲೆ ಮತ್ತೆ ಸಾಟಿ ಸವರಿ ಮೂರನೆಯದು ಇಟ್ಟು, ಬಿಗಿಯಾಗಿ ಚಾಪೆಯಂತೆ ಸುರುಳಿ ಸುತ್ತಬೇಕು. ಸುರುಳಿಯನ್ನು ಒಂದೊಂದು ಅಂಗುಲಕ್ಕೆ ಕತ್ತರಿಸಿದರೆ ಕತ್ತರಿಸಿದ ಮುಖದಲ್ಲಿ ವೃತ್ತಗಳು ಕಾಣುತ್ತವೆ. ಮೂರು ಹಾಳೆ, ನಾಲ್ಕು ಸುತ್ತು ಎಂದರೆ ನಡುವಿನಿಂದ ಅಂಚಿಗೆ ಹನ್ನೆರಡು ಪದರ. ಆ ಮುಖ ಮೇಲೆ ಬರುವಂತೆ ಇಟ್ಟು, ಅಂಗೈಯಲ್ಲಿ ಒತ್ತಿ, ಪುಟ್ಟ ಪೂರಿಯಷ್ಟು ಹಗುರವಾಗಿ ಲಟ್ಟಿಸಬೇಕು. ಇಲ್ಲಿ ನಾನು ಬಲ ಹಾಕಿದೆ. "ಅಷ್ಟು ಒತ್ತಬೇಡ ಮಗ, ಪದರ ಸತ್ತೋಗುತ್ತೆ" ಎಂದರು ದೊಡ್ಡಮ್ಮ.

ಚೆನ್ನಾಗಿ ಬಂದ ಮೊದಲ ಚಿರೋಟಿ ತಿಂದು ಸುಮ್ಮನಾಗಿದ್ದರೆ ನನ್ನ ತಪ್ಪು ನನಗೆ ಗೊತ್ತಾಗುತ್ತಿರಲಿಲ್ಲ. ಚಿರೋಟಿ ಅರಳಿತು, ತುಪ್ಪವೂ ಇತ್ತು. ನನ್ನ ವಿವರಣೆ ಸರಿಯೇ ಎಂದುಕೊಂಡು ಬರುತ್ತಿದ್ದೆ. ಆ ಹುಡುಗಿಯ ಮಾತು ತಲೆಯಲ್ಲಿ ಇದ್ದದ್ದರಿಂದ ಕೆಡಿಸಿ ನೋಡುವ ಮನಸ್ಸಾಯಿತು. ಅದೇ ಕಣಕದಲ್ಲಿ, ಪ್ರತಿ ಸಲ ಒಂದನ್ನು ಮಾತ್ರ ಬದಲಿಸಿ, ಐದು ಬಗೆ ಮಾಡಿದೆ.

ಮೊದಲನೆಯದಕ್ಕೆ ಹಾಳೆಗಳ ನಡುವೆ ಏನೂ ಸವರಲಿಲ್ಲ. ಲಟ್ಟಿಸುವಾಗಲೇ ಎಲ್ಲ ಪದರ ಒಂದಾಗಿ, ಎಣ್ಣೆಯಲ್ಲಿ ಅಲ್ಲಲ್ಲಿ ಗುಳ್ಳೆ ಎದ್ದ ದಪ್ಪ ಬಿಲ್ಲೆಯಾಯಿತು. ಮುರಿದರೆ ಒಳಗೆ ಪದರವೇ ಇಲ್ಲ.

ಎರಡನೆಯದಕ್ಕೆ ಅಕ್ಕಿಹಿಟ್ಟಿಲ್ಲದೆ ಬರೀ ಕರಗಿದ ತುಪ್ಪ, ಧಾರಾಳವಾಗಿ. ನನ್ನ ವಿವರಣೆ ಸರಿಯಿದ್ದರೆ ಇದು ಎಲ್ಲಕ್ಕಿಂತ ಚೆನ್ನಾಗಿ ಅರಳಬೇಕಿತ್ತು. ಸುರುಳಿ ಸುತ್ತುವಾಗಲೇ ತುಪ್ಪ ಎರಡೂ ತುದಿಯಿಂದ ಸೋರಿ ಮಣೆಯ ಮೇಲೆ ಹರಿಯಿತು. ಎಣ್ಣೆಗೆ ಬಿಟ್ಟ ಮೂರರಲ್ಲಿ ಎರಡು ಅರೆಬರೆ ಪದರ ಬಿಟ್ಟವು, ಇನ್ನೊಂದು ಬಿಚ್ಚಿಕೊಂಡು ಚೂರುಚೂರಾಗಿ ಬಾಣಲೆ ತುಂಬ ಹರಡಿತು. ತರಗತಿಯಲ್ಲಿ ನಾನು ಕೂರಿಸಿದ ಹುಡುಗಿ ಹೇಳಿದ್ದು ಇದನ್ನೇ.

ಮೂರನೆಯದು ಸಾಟಿ ಸವರಿ ಹದವಾದ ಉರಿಯಲ್ಲಿ ಕರಿದದ್ದು. ಅದು ಹೂವಿನಂತೆ ಬಂತು. ನಾಲ್ಕನೆಯದು ಸಾಟಿಯದೇ, ಆದರೆ ಉರಿ ಜೋರು. ಒಂದೇ ನಿಮಿಷದಲ್ಲಿ ಹೊರಗೆ ಕೆಂಪಗಾಯಿತು, ಒಳಗೆ ಹಸಿ ಹಿಟ್ಟು ಹಾಗೇ ಇತ್ತು. ಐದನೆಯದನ್ನು ಎಣ್ಣೆ ಸರಿಯಾಗಿ ಕಾಯುವ ಮೊದಲೇ ಬಿಟ್ಟೆ. ತಳದಲ್ಲಿ ಕೂತು, ಬಹಳ ಹೊತ್ತಿನ ಮೇಲೆ ಮೆಲ್ಲಗೆ ಸಡಿಲವಾಗಿ, ಎಣ್ಣೆ ಕುಡಿದು ಮೇಲೆ ಬಂತು. ಕಾಗದದ ಮೇಲೆ ಇಟ್ಟರೆ ಕಾಗದವೆಲ್ಲ ಒದ್ದೆ.

ಸದ್ದು ಅಡಗಲಿ

ಹಾಗಾದರೆ ಪದರಗಳನ್ನು ತಳ್ಳುವುದು ಯಾವುದು? ಉತ್ತರ ಬಾಣಲೆಯಲ್ಲೇ ಇತ್ತು. ಕಾದ ಎಣ್ಣೆ ಒಂದೇ ಇದ್ದಾಗ ಅದರಲ್ಲಿ ಒಂದು ಗುಳ್ಳೆಯೂ ಏಳುವುದಿಲ್ಲ. ಚಿರೋಟಿ ಬಿಟ್ಟ ಕ್ಷಣ ಸುತ್ತಲೂ ನೊರೆಯೆದ್ದು ಸದ್ದು ಶುರುವಾಗುತ್ತದೆ. ಹೊತ್ತು ಕಳೆದಂತೆ ಗುಳ್ಳೆ ಕಡಿಮೆಯಾಗಿ ಸದ್ದು ಇಳಿಯುತ್ತದೆ. ನಾನು ಬಣ್ಣ ನೋಡಿ ತೆಗೆಯಲು ಹೋದಾಗಲೆಲ್ಲ ದೊಡ್ಡಮ್ಮ "ಸದ್ದು ಅಡಗಲಿ, ಆಮೇಲೆ ತೆಗಿ" ಎನ್ನುತ್ತಿದ್ದರು. ಆ ಗುಳ್ಳೆ ಎಣ್ಣೆಯದ್ದಲ್ಲ, ಕಣಕ ನಾದುವಾಗ ಹಾಕಿದ ನೀರಿನದು. ಕರಿಯುವ ಎಣ್ಣೆ 150 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ಇರುತ್ತದೆ, ನೀರು 100ಕ್ಕೇ ಹಬೆಯಾಗುತ್ತದೆ. ಒಂದು ಮಿಲಿಲೀಟರ್ ನೀರು ಪೂರ್ತಿ ಹಬೆಯಾದರೆ ಸುಮಾರು 1,700 ಮಿಲಿಲೀಟರ್ ಜಾಗ ಬೇಡುತ್ತದೆ. ಹಿಟ್ಟಿನ ಪದರದೊಳಗಿನ ಆ ನೀರೇ ಹಬೆಯಾಗಿ ಪದರಗಳನ್ನು ಬಿಡಿಸುವುದು. ಸದ್ದು ಅಡಗಿತು ಎಂದರೆ ಒಳಗಿನ ನೀರು ಬಹುಪಾಲು ಮುಗಿಯಿತು, ಇನ್ನು ಚಿರೋಟಿ ಗರಿಗರಿಯಾಗಿಯೇ ಉಳಿಯುತ್ತದೆ ಎಂದು ಅರ್ಥ. ದೊಡ್ಡಮ್ಮನ ಮಾತು ಒಂದು ಅಳತೆ. ಅದಕ್ಕೆ ಬೇಕಾದ ಉಪಕರಣ ಅವರ ಕಿವಿ.

ತುಪ್ಪದ ಕೆಲಸ ಬೇರೆ. ಒಂದು ಪದರದ ಹಿಟ್ಟು ಪಕ್ಕದ ಪದರಕ್ಕೆ ಅಂಟದ ಹಾಗೆ ಅದು ನಡುವೆ ನಿಲ್ಲುತ್ತದೆ. ಅದು ನಿಲ್ಲದಿದ್ದರೆ ಹಬೆ ತಳ್ಳಲು ಪದರಗಳೇ ಬೇರೆಬೇರೆಯಾಗಿ ಇರುವುದಿಲ್ಲ. ಕರಗಿ ಹರಿದುಹೋಗದಂತೆ ತುಪ್ಪವನ್ನು ಹಿಡಿದಿಡುವುದು ಅಕ್ಕಿಹಿಟ್ಟು. ಅಕ್ಕಿಯಲ್ಲಿ ಗ್ಲುಟೆನ್ ಕಟ್ಟಿಕೊಳ್ಳುವುದಿಲ್ಲವಾದ್ದರಿಂದ ಅದೂ ಅಂಟಾಗುವುದಿಲ್ಲ. ಮೈದಾವನ್ನೇ ಸಾಟಿಗೆ ಹಾಕದೆ ಅಕ್ಕಿಹಿಟ್ಟನ್ನು ಆರಿಸಿಕೊಂಡವರು ಯಾರೋ, ಅವರು ಎಷ್ಟು ಬಾಣಲೆ ಕೆಡಿಸಿ ಅದನ್ನು ಕಂಡುಕೊಂಡರೋ.

ನನ್ನ ಮಾತು ಎಷ್ಟು ತಪ್ಪೆಂದು ಪೂರ್ತಿ ಅರ್ಥವಾದದ್ದು ಮರುದಿನ ಬೆಳಿಗ್ಗೆ. ದೊಡ್ಡಮ್ಮ ಬೆಣ್ಣೆ ಕಾಯಿಸುತ್ತಿದ್ದರು. ಚಟಪಟ ಸದ್ದು, ನೊರೆ. ಸದ್ದು ನಿಂತ ಮೇಲೆ ಒಲೆ ಆರಿಸಿದರು. ಬೆಣ್ಣೆಯಲ್ಲಿ ಇದ್ದ ನೀರು ಆವಿಯಾಗಿ ಹೋದ ಮೇಲೆ ಉಳಿದದ್ದು ತುಪ್ಪ. ಆವಿಯಾಗುವುದೆಲ್ಲ ಹೋದ ಮೇಲೆ ಉಳಿದ ವಸ್ತುವನ್ನು ಹಿಡಿದು ನಾನು ನಲವತ್ತು ಮಕ್ಕಳಿಗೆ ಆವಿಯಾಗುವುದಕ್ಕೆ ಉದಾಹರಣೆ ಕೊಟ್ಟಿದ್ದೆ. ತುಪ್ಪವನ್ನು ಇನ್ನೂ ಜೋರಾಗಿ ಕಾಯಿಸಿದರೂ ಅದು ನೀರಿನ ಹಾಗೆ ಕುದಿಯುವುದಿಲ್ಲ, ಹೊಗೆಯಾಡಿ ಕಪ್ಪಾಗುತ್ತದೆ. ಇದು ಅಡುಗೆಮನೆಗೆ ಕಾಲಿಟ್ಟವರೆಲ್ಲ ಕಂಡ ಸಂಗತಿ. ನಾನೂ ಕಂಡಿದ್ದೆ. ಪಾಠಯೋಜನೆ ಬರೆಯುವಾಗ ಮಾತ್ರ ನೆನಪಿಗೆ ಬರಲಿಲ್ಲ.

ಇನ್ನೊಂದನ್ನೂ ಹೇಳಬೇಕು. ಹಬೆ ಹೊರಬರುವುದನ್ನು ತೋರಿಸಲು ತಣ್ಣನೆಯ ಸ್ಟೀಲ್ ತಟ್ಟೆಯನ್ನು ಬಾಣಲೆಯ ಮೇಲೆ ಹಿಡಿಯಲು ಹೋದೆ. ದೊಡ್ಡಮ್ಮ ತಟ್ಟೆ ಕಿತ್ತುಕೊಂಡರು. "ಒಂದು ತೊಟ್ಟು ನೀರು ಬಿದ್ರೆ ಎಣ್ಣೆ ಮುಖಕ್ಕೆ ಸಿಡಿಯುತ್ತೆ" ಎಂದರು. ಪದರ ಅರಳಿಸುವ ಅದೇ ಹಬೆ ಎಣ್ಣೆಯನ್ನೂ ಸಿಡಿಸುತ್ತದೆ. ಶಾಲೆಯ ಪ್ರಯೋಗಾಲಯದಿಂದ ಉಷ್ಣತಾಮಾಪಕ ತರದೇ ಇದ್ದದ್ದೂ ಒಳ್ಳೆಯದೇ ಆಯಿತು. ಸಾಮಾನ್ಯವಾಗಿ ಅದರ ಮಿತಿ 110 ಡಿಗ್ರಿ. ಕರಿಯುವ ಎಣ್ಣೆಯಲ್ಲಿ ಅದ್ದಿದರೆ ಒಡೆಯಬಹುದು. ದೊಡ್ಡಮ್ಮ ಚಿಟಿಕೆ ಹಿಟ್ಟು ಹಾಕಿ ನೋಡುತ್ತಾರೆ. ಅದು ಮುಳುಗಿ, ಮೆಲ್ಲಗೆ ಮೇಲೆ ಬಂದರೆ ಚಿರೋಟಿಗೆ ಹದ.

ಅಜ್ಜಿ, ದೊಡ್ಡಮ್ಮಂದಿರಿಗೆ ಎಲ್ಲ ಗೊತ್ತೇ?

ಇಷ್ಟು ಓದಿದವರು ನಾನು ಅಡುಗೆಮನೆಯನ್ನು ಹೊಗಳಿ ಪುಸ್ತಕವನ್ನು ತೆಗಳಲು ಹೊರಟಿದ್ದೇನೆ ಎಂದುಕೊಳ್ಳಬಹುದು. ಹಾಗಲ್ಲ. ಪದರ ಅರಳುವುದು ಯಾಕೆ ಎಂದು ಕೇಳಿದಾಗ ದೊಡ್ಡಮ್ಮ ಹೇಳಿದ್ದು, "ಇನ್ಯಾಕೆ, ತುಪ್ಪ ಇರೋದ್ರಿಂದ." ನಲವತ್ತು ವರ್ಷದಿಂದ ಚಿರೋಟಿ ಮಾಡುತ್ತಿರುವವರ ವಿವರಣೆಯೂ ನನ್ನದಕ್ಕಿಂತ ಬಹಳ ದೂರ ಇರಲಿಲ್ಲ. ಅವರಿಗೆ ಬೇಕಾದದ್ದು ಹದ, ಅದು ಅವರ ಕೈಯಲ್ಲಿತ್ತು. ಕಾರಣ ಬೇಕಾದದ್ದು ನನಗೆ. ಮಾಡಿದ ಮಾತ್ರಕ್ಕೆ ಕಾರಣ ತಿಳಿಯುವುದಿಲ್ಲ, ಓದಿದ ಮಾತ್ರಕ್ಕೆ ಹದ ತಿಳಿಯುವುದಿಲ್ಲ. ಎರಡನ್ನೂ ಎದುರುಬದುರು ಕೂರಿಸುವವನು ಶಿಕ್ಷಕ. ನಾನು ಎರಡನ್ನೂ ಬಿಟ್ಟು ಊಹೆಯ ಮೇಲೆ ಪಾಠ ಮಾಡಿದ್ದೆ.

ಇದು ನನ್ನೊಬ್ಬನ ಕಥೆಯಲ್ಲ. ನಮ್ಮ ಗುಂಪಿನಲ್ಲೇ ಒಬ್ಬರು, ನೀರಿಗೆ ಉಪ್ಪು ಹಾಕಿದರೆ ಬೇಗ ಕುದಿಯುತ್ತದೆ, ಅದಕ್ಕೇ ಅಡುಗೆಗೆ ಮೊದಲೇ ಉಪ್ಪು ಹಾಕುತ್ತಾರೆ ಎಂದು ಪಾಠ ಮಾಡಿದರು. ಉಪ್ಪು ಕರಗಿದ ನೀರಿನ ಕುದಿಯುವ ಬಿಂದು ಏರುತ್ತದೆ, ಇಳಿಯುವುದಿಲ್ಲ. ಕುದಿಯಲಿರುವ ನೀರಿಗೆ ಉಪ್ಪು ಹಾಕಿದಾಗ ಒಮ್ಮೆಲೇ ಗುಳ್ಳೆ ಏಳುವುದನ್ನು ನೋಡಿ ಹಾಗೆ ಅಂದುಕೊಂಡಿರಬೇಕು. ಆ ಉದಾಹರಣೆ ಅವರಿಗೆ ಬಂದದ್ದು ಹಿಂದಿನ ವರ್ಷದವರ ಪಾಠಯೋಜನೆಯ ಪುಸ್ತಕದಿಂದ. ಅವರಿಗೆ ಅದರ ಹಿಂದಿನವರಿಂದ. ಹಾಸ್ಟೆಲಿನಲ್ಲಿ ಒಂದು ಪಾತ್ರೆ, ಒಂದು ಒಲೆ, ಪ್ರಯೋಗಾಲಯದ ಒಂದು ಉಷ್ಣತಾಮಾಪಕ ಇದ್ದರೆ ಅರ್ಧ ಗಂಟೆಯಲ್ಲಿ ಆ ಸರಪಳಿ ಕಡಿಯಬಹುದಿತ್ತು.

ಕೈಕೆಲಸದ ಮೂಲಕ ಕಲಿಕೆ ನಮಗೆ ಹೊಸ ವಿಷಯವೇನಲ್ಲ, ಪರೀಕ್ಷೆಗೆ ಓದಿಯೇ ಇದ್ದೇವೆ. 1896ರಲ್ಲಿ ಜಾನ್ ಡ್ಯೂಯಿ ಶಿಕಾಗೋದಲ್ಲಿ ಶುರುಮಾಡಿದ ಪ್ರಯೋಗಶಾಲೆಯಲ್ಲಿ ಅಡುಗೆಯೂ ಪಾಠದ ಭಾಗವಾಗಿತ್ತು. ನೀರಿನ ಬಿಸಿ ಬೇರೆಬೇರೆ ಇದ್ದಾಗ ಮೊಟ್ಟೆಯ ಬಿಳಿಭಾಗ ಏನಾಗುತ್ತದೆ ಎಂದು ಅಲ್ಲಿನ ಮಕ್ಕಳು ನೋಡುತ್ತಿದ್ದರು. 1937ರ ವಾರ್ಧಾ ಸಮ್ಮೇಳನದಲ್ಲಿ ಗಾಂಧೀಜಿ ಕರಕುಶಲವನ್ನು ಶಿಕ್ಷಣದ ಕೇಂದ್ರಕ್ಕೆ ತರಬೇಕೆಂದರು. ಶಾಲೆಯ ಹೊರಗಿನ ಬದುಕಿಗೆ ಜ್ಞಾನವನ್ನು ಜೋಡಿಸಬೇಕೆಂದು 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಹೇಳಿತು. ಇವೆಲ್ಲವನ್ನೂ ಹತ್ತು ಅಂಕದ ಪ್ರಶ್ನೆಗೆ ಉತ್ತರವಾಗಿ ನಾನು ಬರೆದಿದ್ದೇನೆ, ಒಳ್ಳೆಯ ಅಂಕವೂ ಬಂದಿದೆ. ಅದೇ ತಿಂಗಳಲ್ಲಿ ಮಾಡಿ ನೋಡದ ಚಿರೋಟಿಯನ್ನು ಪಾಠಕ್ಕೂ ತಂದಿದ್ದೇನೆ.

ಬರಬಹುದಾದ ಆಕ್ಷೇಪಗಳು

ಇದನ್ನು ಗೆಳೆಯರೊಂದಿಗೆ ಮಾತಾಡಿದಾಗ ಮೊದಲು ಬಂದ ಮಾತು ಸಮಯದ್ದು. ಪಾಠಯೋಜನೆ, ಬೋಧನೋಪಕರಣ, ದಾಖಲೆ ಪುಸ್ತಕಗಳ ನಡುವೆ ಚಿರೋಟಿ ಕರಿಯುತ್ತಾ ಕೂರಲಾದೀತೇ? ಪ್ರತಿ ಪಾಠಕ್ಕೂ ಆಗುವುದಿಲ್ಲ, ಒಪ್ಪುತ್ತೇನೆ. ಆದರೆ ಒಂದು ಘಟಕಕ್ಕೆ ಒಂದು ಉದಾಹರಣೆಯನ್ನಾದರೂ ಮಾಡಿ ನೋಡಬಹುದು. ಥರ್ಮೋಕೋಲಿನಲ್ಲಿ ನಾವು ಕತ್ತರಿಸಿ ಬಣ್ಣ ಬಳಿಯುವ ಮಾದರಿಗೆ ಇದಕ್ಕಿಂತ ಹೆಚ್ಚು ಹೊತ್ತು ಹಿಡಿಯುತ್ತದೆ.

ಎರಡನೆಯದು, ಉದಾಹರಣೆ ಬರೀ ಪೀಠಿಕೆ, ಮುಖ್ಯವಾದದ್ದು ಪರಿಕಲ್ಪನೆ, ಅಷ್ಟು ತಲೆ ಕೆಡಿಸಿಕೊಳ್ಳಬೇಕೇ ಎಂಬುದು. ಮುಂದಿನ ವಾರ ಅದೇ ಮಕ್ಕಳನ್ನು ಕೇಳಿದರೆ ವ್ಯಾಖ್ಯೆ ಹೇಳುವವರು ಇಬ್ಬರೋ ಮೂವರೋ. ಚಿರೋಟಿ ಎಲ್ಲರಿಗೂ ನೆನಪಿದೆ. ಉಳಿಯುವುದು ಉದಾಹರಣೆಯಾದರೆ ಸರಿ ಇರಬೇಕಾದದ್ದೂ ಅದೇ.

ಮೂರನೆಯದು ಗಟ್ಟಿ ಆಕ್ಷೇಪ. ಒಂದು ಪುಸ್ತಕ ತೆಗೆದು ನೋಡಿದ್ದರೆ ಸಾಕಿತ್ತಲ್ಲ, ಅದಕ್ಕೆ ತುಪ್ಪ ಯಾಕೆ ಸುಡಬೇಕಿತ್ತು ಎಂದು ಒಬ್ಬ ಗೆಳತಿ ಕೇಳಿದಳು. ನಿಜ, ಸಾಕಿತ್ತು. ಆದರೆ ನನಗೆ ಅನುಮಾನವೇ ಇರಲಿಲ್ಲವಲ್ಲ! ಅನುಮಾನ ಇಲ್ಲದವನು ಪುಸ್ತಕ ತೆಗೆಯುವುದಿಲ್ಲ. ಬಾಣಲೆಯಲ್ಲಿ ಚೂರಾದ ಚಿರೋಟಿ ನನಗೆ ಕೊಟ್ಟದ್ದು ಉತ್ತರವನ್ನಲ್ಲ, ಅನುಮಾನವನ್ನು. ಉತ್ತರವನ್ನು ಆಮೇಲೆ ಪುಸ್ತಕದಲ್ಲೇ ಹುಡುಕಿದೆ.

ನಾಲ್ಕನೆಯದನ್ನು ನಾನೇ ಎತ್ತುತ್ತೇನೆ. ಚಿರೋಟಿ ಎಲ್ಲರ ಮನೆಯ ತಿಂಡಿಯಲ್ಲ. ತುಪ್ಪ ದುಬಾರಿ. ನಮ್ಮ ತರಗತಿಯ ಹಲವು ಮಕ್ಕಳಿಗೆ ಅದು ಮದುವೆ ಮನೆಯಲ್ಲಿ ಸಿಗುವ ಪದಾರ್ಥ. ಉದಾಹರಣೆ ಕೇಳಿ ಕೆಲವರು ತುಟಿ ಸವರಿಕೊಂಡಾಗ ಇನ್ನು ಕೆಲವರು ಸುಮ್ಮನೆ ಕೂತಿದ್ದರು ಎಂಬುದನ್ನು ನಾನು ಆಗ ಗಮನಿಸಲಿಲ್ಲ. ಎದ್ದು ನಿಂತ ಹುಡುಗಿಯ ಅಮ್ಮ ಮದುವೆ ಅಡುಗೆಗೆ ಹೋಗುವವರು ಎಂದು ಆಮೇಲೆ ತಿಳಿಯಿತು. ನಾನು ತಿಂದು ಬಂದ ಚಿರೋಟಿಯನ್ನು ಮಾಡುವ ಕೈಗಳ ಪಕ್ಕದಲ್ಲಿ ಕೂತು ಅವಳು ಅದನ್ನು ನೋಡಿದ್ದಳು. ತರಗತಿಯಲ್ಲಿ ಆ ವಿಷಯ ನನಗಿಂತ ಚೆನ್ನಾಗಿ ಗೊತ್ತಿದ್ದವಳು ಅವಳೊಬ್ಬಳೇ. ಕೂತ್ಕೋ ಎಂದು ನಾನು ಹೇಳಿದ್ದು ಅವಳಿಗೇ. ಸ್ಥಳೀಯ ಉದಾಹರಣೆ ಉತ್ತಮ ಎಂಬ ಷರಾ ಓದುವಾಗಲೆಲ್ಲ ನನಗೆ ಚುಚ್ಚುವುದು ಇದು. ಸ್ಥಳೀಯರು ಮಾತಾಡಲು ಎದ್ದಾಗ ಕೂರಿಸಿ, ಸ್ಥಳೀಯ ಉದಾಹರಣೆಗೆ ಅಂಕ ಪಡೆದೆ.

ಮರುಪಾಠ

ಮುಂದಿನ ವಾರ ಶಾಲೆಯ ವಿಜ್ಞಾನ ಶಿಕ್ಷಕರನ್ನು ಕೇಳಿಕೊಂಡು ಇಪ್ಪತ್ತು ನಿಮಿಷ ಪಡೆದೆ. ತರಗತಿಯಲ್ಲಿ ಎಣ್ಣೆ, ಒಲೆ ಯಾವುದೂ ಬೇಡ ಎಂದು ಮೊದಲೇ ತೀರ್ಮಾನಿಸಿದ್ದೆ. ಐದು ಬಗೆಯ ಚಿರೋಟಿಗಳನ್ನು ಐದು ಡಬ್ಬಿಯಲ್ಲಿ ತುಂಬಿ, ಮೇಲೆ ಅ, ಆ, ಇ, ಈ, ಉ ಎಂದು ಚೀಟಿ ಅಂಟಿಸಿ ಒಯ್ದೆ. ಮೊದಲು ಹೇಳಿದ್ದು, "ಹೋದ ವಾರ ತುಪ್ಪ ಆವಿಯಾಗುತ್ತೆ ಅಂದಿದ್ದೆ. ಅದು ತಪ್ಪು. ಈ ಡಬ್ಬಿಗಳನ್ನ ನೋಡಿ ಸರಿ ಯಾವುದು ಅಂತ ನೀವೇ ಹೇಳಿ." ತರಗತಿ ಒಂದು ಗಳಿಗೆ ಸುಮ್ಮನಾಯಿತು. ಶಿಕ್ಷಕನಾದವನು ತಪ್ಪು ಎನ್ನುವುದು ಅವರಿಗೂ ಹೊಸದಿರಬೇಕು, ನನಗೂ ಹೊಸದೇ.

"ಸಾರ್, ನೀವೇ ಮಾಡಿದ್ರಾ?" ಎಂದು ಹಿಂದಿನಿಂದ ಒಬ್ಬ ಹುಡುಗ ಕೇಳಿದ. ಹೌದು ಎಂದೆ. ಹುಡುಗರೆಲ್ಲ ಜೋರಾಗಿ ನಕ್ಕರು. ಗಂಡಸರು ಅಡುಗೆ ಮಾಡುವುದರ ಬಗ್ಗೆ ಭಾಷಣ ಮಾಡಲಿಲ್ಲ. ಎರಡನೆಯ ಡಬ್ಬಿಯನ್ನು ಅವನ ಕೈಗೆ ಕೊಟ್ಟು ಇದು ಯಾಕೆ ಚೂರಾಯಿತು ಹೇಳು ಎಂದೆ. ಅವನು ಪೆಚ್ಚಾಗಿ ಪಕ್ಕದವನಿಗೆ ದಾಟಿಸಿದ. ಆಮೇಲೆ ಗುಂಪುಗುಂಪಾಗಿ ಮುರಿದು, ಮೂಸಿ, ಕಾಗದಕ್ಕೆ ಒತ್ತಿ ನೋಡಿದರು. ಎಣ್ಣೆ ಕುಡಿದದ್ದನ್ನು ಎಲ್ಲ ಗುಂಪೂ ಗುರುತಿಸಿತು. ಒಳಗೆ ಹಸಿಯಾಗಿದ್ದದ್ದಕ್ಕೆ ಉರಿ ಜಾಸ್ತಿಯಾಗಿರಬೇಕು ಎಂದು ಎರಡು ಗುಂಪು ಬರೆಯಿತು. ಏನೂ ಸವರದ ಬಿಲ್ಲೆಗೆ ಮಾತ್ರ ಯಾರಿಗೂ ಕಾರಣ ಹೊಳೆಯಲಿಲ್ಲ. ಆ ಹುಡುಗಿಯನ್ನು ಎಬ್ಬಿಸಿ, ನಿನ್ನ ಅಮ್ಮ ಅಡುಗೆಗೆ ಹೋಗುತ್ತಾರಲ್ಲ ಎಂದು ಎಲ್ಲರೆದುರು ಕೇಳುವುದು ಬೇಡವೆನಿಸಿತು. "ಹೋದ ವಾರ ಒಬ್ಬರು ಅಕ್ಕಿಹಿಟ್ಟಿನ ವಿಷಯ ಹೇಳಿದ್ರು, ಸರಿಯಾಗಿತ್ತು" ಎಂದಷ್ಟೇ ಹೇಳಿದೆ. ಅವಳು ತಾನಾಗಿಯೇ ಎದ್ದು, "ಸಾರ್, ಅದಕ್ಕೆ ಸಾಟಿ ಹಚ್ಚಿಲ್ಲ, ಎಲ್ಲ ಅಂಟ್ಕೊಂಡಿದೆ" ಎಂದಳು.

ಗುಳ್ಳೆ ಎಣ್ಣೆಯದ್ದೋ ನೀರಿನದ್ದೋ ಎಂಬುದಕ್ಕೆ ಬೆಣ್ಣೆ ಕಾಯಿಸುವ ಉದಾಹರಣೆ ಕೊಟ್ಟೆ. ಅದನ್ನು ಹೆಚ್ಚು ಮಕ್ಕಳು ನೋಡಿದ್ದರು. ಚಿರೋಟಿಗಿಂತ ಅದೇ ಒಳ್ಳೆಯ ಉದಾಹರಣೆ ಎಂದು ಈಗ ಅನ್ನಿಸುತ್ತದೆ. ಕೊನೆಗೆ ಒಬ್ಬಳು, ತೆರೆದಿಟ್ಟ ಚಿರೋಟಿ ಮರುದಿನ ಯಾಕೆ ಮೆತ್ತಗಾಗುತ್ತದೆ ಎಂದು ಕೇಳಿದಳು. ಗಾಳಿಯ ತೇವ ಎಂದು ನಾನು ಹೇಳುವ ಮೊದಲು, ಒಂದನ್ನು ಮುಚ್ಚಿದ ಡಬ್ಬಿಯಲ್ಲೂ ಒಂದನ್ನು ಹೊರಗೂ ಇಟ್ಟು ನೋಡೋಣ ಎಂದು ಅವರೇ ತೀರ್ಮಾನಿಸಿದರು. ಹೊರಗಿಟ್ಟದ್ದನ್ನು ಯಾರೋ ತಿಂದುಬಿಟ್ಟರಂತೆ. ಪ್ರಯೋಗ ಮುಂದುವರಿಯಲಿಲ್ಲ.

ಈ ಇಪ್ಪತ್ತು ನಿಮಿಷ ನನ್ನ ಅಭ್ಯಾಸ ಪಾಠಗಳ ಲೆಕ್ಕಕ್ಕೆ ಸೇರಿಲ್ಲ. ಒಮ್ಮೆ ಮಾಡಿದ ಪಾಠವನ್ನು ತಿದ್ದಿ ಮತ್ತೆ ಮಾಡಿದರೆ ಬರೆಯಲು ದಾಖಲೆ ಪುಸ್ತಕದಲ್ಲಿ ಜಾಗವಿಲ್ಲ.

ಆದ್ದರಿಂದ ನನ್ನ ಕೋರಿಕೆ ಎರಡು. ಒಂದು, ಪಾಠಯೋಜನೆಯಲ್ಲಿ ಉದಾಹರಣೆಯ ಪಕ್ಕ ಒಂದು ಸಾಲು ಹೆಚ್ಚಲಿ: ಇದು ನಿಜವೆಂದು ನಿಮಗೆ ಗೊತ್ತಾದದ್ದು ಹೇಗೆ? ಮಾಡಿ ನೋಡಿದೆ, ಮಾಡುವವರನ್ನು ಕೇಳಿದೆ, ಪುಸ್ತಕದಲ್ಲಿ ಪರಿಶೀಲಿಸಿದೆ, ಇವುಗಳಲ್ಲಿ ಯಾವುದಾದರೂ ಸರಿ. ಖಾಲಿ ಬಿಟ್ಟರೆ ಆ ಉದಾಹರಣೆ ಬೇಡ. ವೀಕ್ಷಣೆಗೆ ಬರುವ ಮಾರ್ಗದರ್ಶಕರು ಪಾಠಕ್ಕೆ ಮೊದಲು ಆ ಒಂದು ಪ್ರಶ್ನೆ ಕೇಳಿದರೆ ಸಾಕು, ನಾವು ತಾನಾಗಿಯೇ ಎಚ್ಚರವಾಗುತ್ತೇವೆ. ಎರಡು, ನಿಗದಿಯಾದ ಪಾಠಗಳಲ್ಲಿ ಒಂದನ್ನು ಮರುಪಾಠಕ್ಕೆ ಬಿಡಲಿ. ತಾನು ಎಲ್ಲಿ ತಪ್ಪಿದೆ ಎಂದು ಪ್ರಶಿಕ್ಷಣಾರ್ಥಿಯೇ ಬರೆದು, ಅದೇ ಮಕ್ಕಳ ಮುಂದೆ ತಿದ್ದಿ ಪಾಠ ಮಾಡಲಿ, ಅದಕ್ಕೂ ಅಂಕ ಇರಲಿ. ಈಗ ಇರುವ ವ್ಯವಸ್ಥೆಯಲ್ಲಿ ತಪ್ಪನ್ನು ಮುಚ್ಚಿಟ್ಟವನಿಗೆ ನಷ್ಟವಿಲ್ಲ, ತಿದ್ದಿಕೊಂಡವನಿಗೆ ಲಾಭವಿಲ್ಲ.

ಪ್ರಶಿಕ್ಷಣಾರ್ಥಿ ಗೆಳೆಯರಿಗೆ ಹೇಳುವುದು ಇಷ್ಟೇ. ನಲವತ್ತು ನಿಮಿಷದ ಪಾಠವನ್ನು ಮೂವತ್ತೈದಕ್ಕೆ ಯೋಜಿಸಿ. ಯಾರಾದರೂ ಎದ್ದು ನಿಂತು, ಸಾರ್, ನಮ್ಮಮ್ಮ ಹಾಗೆ ಮಾಡಲ್ಲ ಎಂದರೆ ಕೇಳಿಸಿಕೊಳ್ಳಲು ಆ ಐದು ನಿಮಿಷ ಬೇಕಾಗುತ್ತದೆ.